ತಮ್ಮ ಕೇಳಿದ ನುಗ್ಗೆಸೊಪ್ಪಿನ ಸತ್ವ

ಆಗ ನಾನು ದೊಡ್ಡಬಳ್ಳಾಪುರದ ಹತ್ತಿರ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದೆ. ಕ್ಯಾನ್ಸರ್ ಔಷಧಿ ಕೊಟ್ಟ ಗಂಡು ಇಲಿಗಳಿಗೆ ನುಗ್ಗೆಸೊಪ್ಪಿನ ಸತ್ವ ಕುಡಿಸಿದರೆ ಅವುಗಳ ವೀರ್ಯಾಣು ಉಳಿಯುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಸೊಪ್ಪು ದೇವನಹಳ್ಳಿ ಹತ್ತಿರದ ವಿಜಯಪುರದ ನಮ್ಮ ಹಿತ್ತಲಿನದು. ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಿದ್ದ ನನ್ನ ತಮ್ಮ ಅದನ್ನು ಕೊಯ್ದು ತಂದುಕೊಡುತ್ತಿದ್ದ.

ಅವನ ಕುತ್ತಿಗೆಯಲ್ಲೆದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ಇಪ್ಪತ್ತಾರು. ವಾಸಿಯಾಗುವಂಥದ್ದೇ, ಆದರೆ ಕೀಮೋ ತಡಮಾಡಬಾರದು ಎಂದರು ಡಾಕ್ಟರು. ಮುಂದೆ ಮಕ್ಕಳಾಗದೆ ಇರಬಹುದು, ಮೊದಲೇ ವೀರ್ಯವನ್ನು ಫ್ರೀಜ್ ಮಾಡಿಸಿಡಿ ಎಂದೂ ಹೇಳಿದರು. ಅಪ್ಪ ನೆಲ ನೋಡುತ್ತ ಕೂತರು. ತಮ್ಮ ಅದೆಲ್ಲ ಬೇಡ ಎಂದುಬಿಟ್ಟ.

ಮಾರನೇ ದಿನ ಲ್ಯಾಬಿಗೆ ಬಂದು ನಿಂತ.

"ಅಕ್ಕ, ಇಲಿಗೆ ಕೊಡೋದನ್ನ ನನಗೂ ಕೊಡು."

"ಅದು ಮನುಷ್ಯರಿಗೆ ಕೊಡೋದಲ್ಲ ಕಣೋ. ನಿನ್ನ ಔಷಧಿ ಜೊತೆ ಸೇರಿ ಏನಾಗುತ್ತೋ ನನಗೆ ಗೊತ್ತಿಲ್ಲ."

"ಮತ್ತೆ ಮೂರು ವರ್ಷದಿಂದ ಏನು ಮಾಡ್ತಿದ್ದೀಯ?"

ನಾನು ಡಾಕ್ಟರಿಗೆ ಫೋನ್ ಮಾಡಿದೆ. ಯಾವ ಸತ್ವವೂ ಬೇಡ, ಕೀಮೋದ ಶಕ್ತಿಯನ್ನೇ ತಗ್ಗಿಸಿಬಿಡಬಹುದು ಎಂದರು. ಕೀಮೋ ಶುರುವಾಗಲು ಉಳಿದಿದ್ದದ್ದು ಮೂರು ದಿನ.

ವೀರ್ಯ ಫ್ರೀಜ್ ಮಾಡಿಸು ಎನ್ನುವುದು ಅಕ್ಕನಾದವಳು ತಮ್ಮನ ಹತ್ತಿರ ಆಡುವ ಮಾತಲ್ಲ. ಕ್ಯಾಬಿನಲ್ಲಿ ಅವನ ಪಕ್ಕ ಕೂತು, ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದೆ. ಕ್ಯಾನ್ಸರ್ ಔಷಧಿ ಕೊಟ್ಟ ಇಲಿಗಳ ವೀರ್ಯದ ಸ್ಲೈಡಿನಲ್ಲಿ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ, ಎಲ್ಲವನ್ನೂ. ಅವನು ಗಾಡಿ ಓಡಿಸುತ್ತ ದೇವನಹಳ್ಳಿ ದಾಟಿದ. ಆಮೇಲೆ, "ಆಸ್ಪತ್ರೆಗೆ ನೀನೂ ಬಾ, ಆದರೆ ಹೊರಗಿರು" ಅಂದ.

ವೀರ್ಯ ಕೊಡುವ ಕೋಣೆಯ ಹೊರಗೆ ಕೂತಿದ್ದೆ. ಹೊರಬಂದವನ ಮುಖ ನಾನು ನೋಡಲಿಲ್ಲ, ಅವನೂ ನನ್ನ ಮುಖ ನೋಡಲಿಲ್ಲ. ದಾರಿಯಲ್ಲಿ ಎಳನೀರು ಕುಡಿದು ಮನೆಗೆ ಬಂದೆವು.

ಆರು ತಿಂಗಳ ಕೀಮೋ ಅವನನ್ನು ಹಿಂಡಿಹಾಕಿತು, ಆದರೆ ಉಳಿದ. ಎರಡು ವರ್ಷ ಬಿಟ್ಟು ಪರೀಕ್ಷೆ ಮಾಡಿಸಿದಾಗ ವೀರ್ಯದಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ. ಮದುವೆಗೆ ಮುಂಚೆ ಹುಡುಗಿಗೆ ಅವನೇ ಎಲ್ಲ ಹೇಳಿದ. ಅವಳು ಒಂದು ವಾರ ಯೋಚಿಸಿ ಒಪ್ಪಿದಳು. ಫ್ರೀಜ್ ಮಾಡಿಸಿ ಇಟ್ಟದ್ದರಲ್ಲಿ ಸ್ವಲ್ಪ ಬಳಸಿ ಒಂದು ಸಲ ಪ್ರಯತ್ನಿಸಿದರು, ಗರ್ಭ ನಿಲ್ಲಲಿಲ್ಲ. ಇನ್ನೊಂದು ಸಲಕ್ಕೆ ಧೈರ್ಯ ತಂದುಕೊಳ್ಳುತ್ತಿದ್ದಾರೆ.

ನನ್ನ ಪ್ರಬಂಧ ಮುಗಿಯಿತು. ಸತ್ವ ಕುಡಿದ ಇಲಿಗಳಲ್ಲಿ ವೀರ್ಯಾಣು ಹೆಚ್ಚು ಉಳಿದಿದ್ದವು. ಕೊನೆಯ ಪುಟದಲ್ಲಿ, ಮನುಷ್ಯರಲ್ಲಿ ಇನ್ನೂ ಅಧ್ಯಯನ ಆಗಬೇಕು ಎಂದು ಎಲ್ಲರೂ ಬರೆಯುವ ಸಾಲು ಬರೆಯಬೇಕಿತ್ತು. ಆ ಒಂದು ಸಾಲಿಗೆ ನನಗೆ ಇಡೀ ಮಧ್ಯಾಹ್ನ ಹಿಡಿಯಿತು.