ಎಣ್ಣೆ ತೊಟ್ಟಿಯ ಅಂಚಿಗೆ ಮೂರು ಏಟು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಬೆಕ್ಕು ಅಡ್ಡ ಬಂತೆಂದು ಯಾರಾದರೂ ಹೊಸ್ತಿಲಲ್ಲಿ ನಿಂತರೆ, "ಬೆಕ್ಕಿಗೂ ಅದರ ಕೆಲ್ಸ ಇರುತ್ತೆ, ನಡೀರಿ" ಎನ್ನುತ್ತಿದ್ದೆ. ರಸ್ತೆಯಲ್ಲಿ ಮಂತ್ರಿಸಿ ಎಸೆದ ನಿಂಬೆಹಣ್ಣು ಕಂಡರೆ ಬೇಕೆಂದೇ ತುಳಿದು ಹೋಗುತ್ತಿದ್ದೆ. ಭದ್ರಾವತಿಯಲ್ಲಿ ಲೋಹಶಾಸ್ತ್ರದ ಡಿಪ್ಲೊಮಾ ಮುಗಿಸಿದ ಸೊಕ್ಕು ಬೇರೆ. ಆ ಸೊಕ್ಕು ಇಳಿದದ್ದು ಒಂದು ಹಾಡುಹಗಲು, ಮಧ್ಯಾಹ್ನ ಮೂರು ಗಂಟೆಗೆ. ಅಮಾವಾಸ್ಯೆಯೂ ಅಲ್ಲ, ಕತ್ತಲೆಯೂ ಇರಲಿಲ್ಲ. ಏಳೆಂಟು ವರ್ಷವಾಯಿತು, ಇನ್ನೂ ಅದರ ತಲೆಬುಡ ನನಗೆ ಸಿಕ್ಕಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆಯಲ್ಲ, ಅಲ್ಲಿನ ಒಂದು ಸಣ್ಣ ಶೆಡ್ಡಿನಲ್ಲಿ ನನ್ನ ಕೆಲಸ. ಬೇರೆ ಕಾರ್ಖಾನೆಗಳು ತಯಾರಿಸಿದ ಗೇರು, ಪಿನ್ನು, ಶಾಫ್ಟುಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಫರ್ನೇಸಿನಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ, ಗಟ್ಟಿಮಾಡಿ ವಾಪಸು ಕಳಿಸುತ್ತೇವೆ. ನಾವಾಗಿ ಒಂದು ಮೊಳೆಯನ್ನೂ ಮಾಡುವುದಿಲ್ಲ. "ಬಾಣಂತಿ ಮನೆಗೆ ಹೋಗಿ ಮಗೂಗೆ ಎಣ್ಣೆನೀರು ಹಾಕಿ ಬರ್ತಾರಲ್ಲ ಅಜ್ಜೀರು, ನಮ್ದು ಅದೇ ಉದ್ಯೋಗ" ಎಂದು ಮುರುಗೇಶಣ್ಣ ಹೇಳುತ್ತಿದ್ದರು.

ಮುರುಗೇಶಣ್ಣ ನಮ್ಮ ಫರ್ನೇಸ್ ಮೇಸ್ತ್ರಿ. ಅವರ ಅಪ್ಪನ ಕಾಲಕ್ಕೆ ತಮಿಳುನಾಡಿನಿಂದ ಬಂದು ಭದ್ರಾವತಿಯಲ್ಲಿ ನೆಲೆಸಿದ ಕುಟುಂಬ. ಅಲ್ಲಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು, ನಿವೃತ್ತಿಯಾದ ಮೇಲೂ ಸುಮ್ಮನಿರಲಾಗದೆ ನಮ್ಮಲ್ಲಿಗೆ ಬಂದಿದ್ದರು. ನಾನು ಗಟ್ಟಿತನ ಅಳೆಯುವ ಲ್ಯಾಬಿನಲ್ಲಿದ್ದುದರಿಂದ ಅವರಿಗೆ ನಾನು 'ಲ್ಯಾಬಮ್ಮ'. ಫರ್ನೇಸಿನ ಕಿಂಡಿಯಲ್ಲಿ ಒಂದು ಕಣ್ಣಿಟ್ಟು, ಕಾದ ಲೋಹದ ಬಣ್ಣದಲ್ಲೇ ಕಾವು ಅಳೆದು, "ಇನ್ನೂ ದಾಳಿಂಬೆ ಅಮ್ಮಾ, ಕಿತ್ಲೆ ಆಗ್ಲಿ" ಎನ್ನುವರು. ನಾನು ಕಾವಿನ ಮೀಟರು ನೋಡಲು ಓಡುತ್ತಿದ್ದೆ. ಅವರು ಒಂದು ಸಲವಾದರೂ ತಪ್ಪಲಿ ಎಂಬ ಆಸೆ ನನಗೆ. ಆ ಮನುಷ್ಯ ತಪ್ಪುತ್ತಲೇ ಇರಲಿಲ್ಲ ಮಾರಾಯ್ರೆ!

ಅವರಿಗೆ ಎರಡು ರೂಢಿಗಳಿದ್ದವು. ಒಂದು, ಕಾದ ಮಾಲನ್ನು ಎಣ್ಣೆಗೆ ಇಳಿಸುವ ಮುಂಚೆ ಉದ್ದನೆಯ ಇಕ್ಕಳದಿಂದ ತೊಟ್ಟಿಯ ಅಂಚಿಗೆ ಮೂರು ಏಟು. ಮೊದಲ ಎರಡು ಬೇಗ ಬೇಗ, ಮೂರನೆಯದು ಸ್ವಲ್ಪ ತಡೆದು. ಟಣ್ ಟಣ್... ಟಣ್. ಅದು ಕೇಳಿದರೆ ಯಾರೇ ಇರಲಿ ನೆಲದ ಹಳದಿ ಗೆರೆಯ ಆಚೆ ಹೋಗಬೇಕು. ಮಾಲೀಕರೂ ಹೋಗಬೇಕು. ನಮಗೆಲ್ಲ ಅದು ಎಷ್ಟು ಮೈಗೂಡಿತ್ತೆಂದರೆ, ಒಮ್ಮೆ ಮದುವೆಮನೆಯಲ್ಲಿ ಅಡುಗೆಯವರು ಸೌಟನ್ನು ಹಾಗೇ ಬಡಿದಾಗ ನಾನು ಎಲೆ ಬಿಟ್ಟು ಎದ್ದು ನಿಂತಿದ್ದೆ.

ಇನ್ನೊಂದು, ಬೆಳಗಿನ ಪೂಜೆ. ಸ್ವಿಚ್‌ಬೋರ್ಡಿನ ಮೇಲಿನ ದೇವರ ಪಟಕ್ಕೆ ಎರಡು ಊದುಬತ್ತಿ ಹಚ್ಚುವರು. ಆಮೇಲೆ ತೊಟ್ಟಿಯ ತಳದ ನಲ್ಲಿ ತಿರುಗಿಸಿ ಒಂದು ಚಮಚ ಎಣ್ಣೆ ಹಿಡಿದು, ಕಾದ ಕಬ್ಬಿಣದ ಹಲಗೆಯ ಮೇಲೆ ನಾಲ್ಕು ಹನಿ ಬಿಟ್ಟು, ಬಗ್ಗಿ, ಕಣ್ಣುಮುಚ್ಚಿ ನಿಲ್ಲುವರು. ಕಡೆಗೆ ಎರಡೂ ಕೈ ಕಣ್ಣಿಗೆ ಒತ್ತಿಕೊಳ್ಳುವರು. ಬೆಂಕಿಗೆ ನೈವೇದ್ಯ ಇರಬೇಕು ಎಂದುಕೊಂಡಿದ್ದೆ. "ಏನ್ ಮುರುಗೇಶಣ್ಣ, ಬರೀ ಎಣ್ಣೆ! ನಿಮ್ ದೇವ್ರಿಗೆ ಬೋಂಡ ಯಾವಾಗ ಬಿಡ್ತೀರಿ?" ಎಂದು ಕೆಣಕುತ್ತಿದ್ದೆ.

"ನೀನ್ ಎಷ್ಟಾದ್ರೂ ಮಾತಾಡಮ್ಮಾ, ಪರ್ವಾಗಿಲ್ಲ. ಎಣ್ಣೆ ಮಾತಾಡ್ಬಾರ್ದು ಅಷ್ಟೇ" ಎಂದು ನಗುತ್ತಿದ್ದರು. ಹಾಗೆಂದರೇನು ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೀಗಿರುವಾಗ ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕೆಂದಾಯಿತು. ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಸೇರಿದರು. ಅವರು ಬರುವವರೆಗೆ ಫರ್ನೇಸಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ಹೊರಡುವಾಗ ಗೇಟಿನಿಂದ ವಾಪಸು ಬಂದು, "ಬೆಳಗ್ಗೆದು ಮರೀಬೇಡಮ್ಮಾ" ಎಂದರು. ತಲೆಯಾಡಿಸಿದೆ. ಅವರ ಆಟೋ ಮರೆಯಾದದ್ದೇ ತಡ, ಫರ್ನೇಸಿನ ನಾಗರಾಜನಿಗೆ, "ಈ ಪೂಜೆಗೀಜೆ ಎಲ್ಲ ಅವರು ಬಂದ ಮೇಲೆ. ಎಂಟಕ್ಕೆಲ್ಲ ಮಾಲು ಒಳಗಿರ್ಬೇಕು" ಎಂದೆ. ನಾಗರಾಜ ಹೊಳೆಹೊನ್ನೂರಿನವನು, ಮೃದು ಸ್ವಭಾವ, ಎದುರಾಡುವವನಲ್ಲ. ಹೆಂಡತಿ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಭಾನುವಾರ ಮಗಳ ನಾಮಕರಣ. ಹೆಸರು ಹುಡುಕಿ ಕೊಡಿ ಮೇಡಂ ಎಂದು ನನ್ನ ಬೆನ್ನು ಹತ್ತಿದ್ದ.

ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಮಧ್ಯಾಹ್ನ ಟ್ರಾಕ್ಟರ್ ಟ್ರೈಲರಿನ ಪಿನ್ನುಗಳ ಒಂದು ಬುಟ್ಟಿ ಕಾದು ಸಿದ್ಧವಾಗಿತ್ತು. ನಾಗರಾಜ ಅದನ್ನು ಚೈನಿನಲ್ಲಿ ಎತ್ತಿ ತೊಟ್ಟಿಯ ಮೇಲೆ ತಂದ. ಬುಟ್ಟಿ ಸ್ವಲ್ಪ ವಾಲಿದಂತೆ ಕಂಡಿತು. ಅದನ್ನು ನೋಡಲು ಹೋಗಿ ಇಬ್ಬರೂ ಹಳದಿ ಗೆರೆಯ ಒಳಗೇ ನಿಂತುಬಿಟ್ಟೆವು. ಅವನಂತೂ ಅಂಚಿಗೆ ಹೊಟ್ಟೆ ತಾಗಿಸಿಕೊಂಡು, ಒಂದು ಕೈಯಲ್ಲಿ ವೈರಿನ ತುದಿಯ ಸ್ವಿಚ್ಚು ಹಿಡಿದು ಬುಟ್ಟಿಯನ್ನು ಇಳಿಸುತ್ತಿದ್ದ. ಇಕ್ಕಳದಿಂದ ಬಡಿಯಬೇಕು ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಅದು ಯಾವತ್ತೂ ಮುರುಗೇಶಣ್ಣನ ಕೆಲಸವಾಗಿತ್ತು, ನಮ್ಮದು ಕೇಳಿಸಿಕೊಂಡು ಸರಿಯುವುದು ಮಾತ್ರ.

ಬುಟ್ಟಿ ಎಣ್ಣೆಯಿಂದ ಇನ್ನೂ ಒಂದು ಮೊಳ ಮೇಲಿತ್ತು. ಆಗ ಕೇಳಿಸಿತು. ಟಣ್ ಟಣ್... ಟಣ್.

ಯೋಚನೆ ಮಾಡಿ ಸರಿದದ್ದಲ್ಲ. ಕಾಲು ತಾನಾಗಿ ಹಿಂದೆ ಹೋಯಿತು. ನಾಗರಾಜನೂ ಸರಸರ ಹಿಂದೆ ಬಂದ, ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ನಾವು ಗೆರೆ ದಾಟಿದ್ದೆವೋ ಇಲ್ಲವೋ, ಬುಟ್ಟಿ ಎಣ್ಣೆಯಲ್ಲಿ ಮುಳುಗಿತು. ತೊಟ್ಟಿಯೊಳಗಿಂದ ಎಂಥದೋ ಗುಡುಗಿತು. ಎಣ್ಣೆ ನೊರೆನೊರೆಯಾಗಿ ಉಕ್ಕಿ ಅಂಚು ದಾಟಿ ಚೆಲ್ಲಿತು, ಅದರ ಹಿಂದೆಯೇ ಬೆಂಕಿ ಎದ್ದು ಮೇಲಿನ ತಗಡಿಗೆ ತಾಗಿತು. ಅಯ್ಯೋ ದೇವರೇ ಎಂದು ಕೂಗಿದವಳು ನಾನೇ, ಅದೂ ಹೇಳಿಬಿಡುತ್ತೇನೆ. ಪ್ಯಾಕಿಂಗ್‌ನವರು ಶೆಡ್ಡಿನ ಆಚೆ ತುದಿಯಿಂದ ಓಡಿ ಬಂದರು, ಮರಳು ಸುರಿದು, ಬೆಂಕಿ ನಂದಿಸುವ ಸಿಲಿಂಡರು ಒತ್ತಿ, ಹೇಗೋ ಆರಿಸಿದೆವು. ನಾಗರಾಜ ನಿಂತಿದ್ದ ಜಾಗದಲ್ಲಿ ಅವನ ನೀರಿನ ಬಾಟಲಿ ಕರಗಿ ನೆಲಕ್ಕೆ ಅಂಟಿತ್ತು. ಅವನು ಅದನ್ನೇ ನೋಡುತ್ತ ಕೂತ.

ಕಡೆಗೆ ನನ್ನ ಕಡೆ ತಿರುಗಿ, "ಯಾರ್ ಮೇಡಂ ಬಡಿದಿದ್ದು?" ಎಂದ.

ಇಕ್ಕಳ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಶೆಡ್ಡಿನ ಆ ಭಾಗದಲ್ಲಿ ನಾವಿಬ್ಬರೇ ಇದ್ದದ್ದು. ಪ್ಯಾಕಿಂಗ್‌ನವರಿಗೆ ಕೇಳಿಸಿದ್ದು ಗುಡುಗು ಒಂದೇ. ಚೈನು ತಾಗಿತೇನೋ ಎಂದು ಮಾರನೆಯ ದಿನ ನೂರು ಸಲ ಅಲ್ಲಾಡಿಸಿ ನೋಡಿದೆ, ಅದು ಅಂಚಿಗೆ ಮುಟ್ಟುವುದೇ ಇಲ್ಲ. ಒಳಗೆ ನೀರು ಕುದಿದು ಬಡಿದಿರಬಹುದೇ ಎಂದರೆ, ಕಾದ ಬುಟ್ಟಿ ಇನ್ನೂ ಎಣ್ಣೆಗೆ ಸೋಕಿರಲಿಲ್ಲ.

ನೀರು ಎಂದೆನಲ್ಲ, ಅದನ್ನು ಹೇಳಬೇಕು. ಬೆಂಕಿ ಆರಿದ ಮೇಲೆ ತಳದ ನಲ್ಲಿ ತಿರುಗಿಸಿದೆವು. ಮೊದಲು ಬಂದದ್ದು ಎಣ್ಣೆಯಲ್ಲ, ನೀರು. ಎಣ್ಣೆಯನ್ನು ತಣ್ಣಗಿಡುವ ನೀರಿನ ಕೊಳವೆ ತೂತಾಗಿ ಅದೆಷ್ಟು ಹೊತ್ತಿನಿಂದ ನೀರು ಸೋರಿ ತಳದಲ್ಲಿ ನಿಂತಿತ್ತೋ. ಕಾದ ಬುಟ್ಟಿ ಇಳಿದಾಗ ಆ ನೀರೇ ಒಮ್ಮೆಲೇ ಆವಿಯಾಗಿ ಎಣ್ಣೆಯನ್ನು ಉಕ್ಕಿಸಿತ್ತು. ಆಗ ಹೊಳೆಯಿತು. ಎಣ್ಣೆಯಲ್ಲಿ ನೀರಿದ್ದರೆ ಕಾದ ಹಲಗೆಯ ಮೇಲೆ ಒಗ್ಗರಣೆಯ ಹಾಗೆ ಚಟಪಟ ಎನ್ನುತ್ತದೆ. ಮುರುಗೇಶಣ್ಣ ದಿನಾ ಬಗ್ಗಿ, ಕಣ್ಣುಮುಚ್ಚಿ ಕೇಳುತ್ತಿದ್ದದ್ದು ಅದನ್ನು. ದಿನಾ ನನ್ನ ಎದುರೇ ಪರೀಕ್ಷೆ ನಡೆಯುತ್ತಿತ್ತು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಊದುಬತ್ತಿಯ ಜೊತೆಗಿತ್ತೆಂದು ನಾನು ಅದನ್ನೂ ಪೂಜೆಗೆ ಸೇರಿಸಿ, ಎರಡನ್ನೂ ಒಟ್ಟಿಗೇ ನಿಲ್ಲಿಸಿದ್ದೆ. ನನ್ನ ಜಾಣತನಕ್ಕೆ ಹಸುಗೂಸೊಂದು ತಂದೆಯಿಲ್ಲದ್ದಾಗುತ್ತಿತ್ತು.

ಬೆಂಕಿ ಬಿದ್ದ ದಿನವೇ ಸಂಜೆ ಎಳನೀರು ಹಿಡಿದು ನರ್ಸಿಂಗ್ ಹೋಮಿಗೆ ಹೋದೆ. ಆಪರೇಷನ್ ಹಿಂದಿನ ದಿನ ಆಗಿತ್ತು. ಅವರಿಗೆ ಏನೂ ಹೇಳಬಾರದು, ಗುಣವಾದ ಮೇಲೆ ಕಾಲು ಹಿಡಿದರಾಯಿತು ಎಂದುಕೊಂಡಿದ್ದೆ. ಮುರುಗೇಶಣ್ಣ ಮಲಗಿದ್ದರು. ನಾನು ಕೂರುವ ಮೊದಲೇ ಅವರ ಹೆಂಡತಿ ಸೆಲ್ವಿ ಅಕ್ಕ ದೂರು ಶುರುಮಾಡಿದರು.

"ನೀನಾದ್ರೂ ಬುದ್ಧಿ ಹೇಳಮ್ಮಾ ಇವ್ರಿಗೆ. ಮಧ್ಯಾಹ್ನ ಒಳ್ಳೇ ನಿದ್ದೆಲಿದ್ರು. ಇದ್ದಕ್ಕಿದ್ದಂಗೆ ಕೈ ಚಾಚಿ ಚಮಚ ತಗೊಂಡು ಮಂಚದ ಕಂಬಿಗೆ ಬಡಿದ್ರು ನೋಡು! ಮೂರ್ ಸಲ. ಪಕ್ಕದ ಪೇಷಂಟ್ ಎದ್ದು ಕೂತ್ರು. ನರ್ಸು ಬಂದು ಬಾಯಿಗೆ ಬಂದಂಗೆ ಬೈದು ಹೋದ್ರು. ಇವ್ರಿಗೆ ಎಚ್ಚರಾನೇ ಇಲ್ಲ, ಕಣ್ಣು ಬಿಡ್ಲಿಲ್ಲ!"

ಎಷ್ಟು ಹೊತ್ತಿಗೆ ಎಂದು ಕೇಳಿದೆ.

"ಮೂರು ಗಂಟೆ ಔಷಧಿ ಕೊಡೋಕೆ ಚಮಚ ತೊಳೆದಿಟ್ಟಿದ್ದೆ ಅಷ್ಟೇ" ಎಂದರು.

ನಮ್ಮ ಮಾತಿಗೆ ಮುರುಗೇಶಣ್ಣ ಅರ್ಧ ಕಣ್ಣು ತೆರೆದರು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು. "ಎಣ್ಣೆ ನೋಡಿದ್ಯಾಮ್ಮಾ?"

ಕಾಲು ಹಿಡಿಯುವುದು ಅಲ್ಲೇ ಆಯಿತು. ಹಾಸಿಗೆಯ ಪಕ್ಕ ಕೂತು ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಏನೂ ಅರ್ಥವಾಗದೆ ನನ್ನ ತಲೆ ಸವರುತ್ತಿದ್ದರು.

ಗುಣವಾಗಿ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಚಮಚ ಹಿಡಿದದ್ದು ಅವರಿಗೆ ನೆನಪೇ ಇಲ್ಲ. ಕನಸು ಬಿದ್ದಿತ್ತೇ ಎಂದರೆ ಅದೂ ಇಲ್ಲ. "ಯಾರ್ ಬಡಿದ್ರೆ ಏನಮ್ಮಾ? ನೀವಿಬ್ರೂ ಸರಿದ್ರಲ್ಲ, ಸಾಕು" ಎಂದು ಬೀಡಿ ಹಚ್ಚಲು ಹೊರಗೆ ಹೋದರು. ಈಗ ಕೆಲಸ ಬಿಟ್ಟು ಭದ್ರಾವತಿಯ ಮನೆಯಲ್ಲಿ ಆರಾಮಾಗಿದ್ದಾರೆ. ಆಯುಧಪೂಜೆಗೆ ತಪ್ಪದೆ ಬಂದು, ಕಿಂಡಿಯಲ್ಲಿ ಕಣ್ಣಿಟ್ಟು ನಮ್ಮನ್ನೆಲ್ಲ ಬೈದು ಹೋಗುತ್ತಾರೆ. ನಾಗರಾಜನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಳೆ.

ಇಬ್ಬರಿಗೂ ಭ್ರಮೆಯೇ? ಇಬ್ಬರಿಗೂ ಒಂದೇ ಭ್ರಮೆ, ಒಂದೇ ಕ್ಷಣದಲ್ಲಿ ಆಗುತ್ತದೆಯೇ? ಹದಿನೈದು ಕಿಲೋಮೀಟರ್ ದೂರದಲ್ಲಿ ಚಮಚ ಬಡಿದರೆ ನಮ್ಮ ತೊಟ್ಟಿ ಸದ್ದು ಮಾಡುವುದುಂಟೇ? ಬಲ್ಲವರು ಹೇಳಬೇಕು. ಈಗ ಬೆಳಗಿನ ಕೆಲಸ ನನ್ನದು. ನಲ್ಲಿ ತಿರುಗಿಸಿ, ಹಲಗೆಯ ಮೇಲೆ ನಾಲ್ಕು ಹನಿ ಬಿಟ್ಟು, ಬಗ್ಗಿ ಕೇಳುತ್ತೇನೆ. ಅದಕ್ಕೂ ಮೊದಲು ಎರಡು ಊದುಬತ್ತಿ ಹಚ್ಚುತ್ತೇನೆ. ಹೊಸದಾಗಿ ಬಂದ ಇಂಜಿನಿಯರು ನೋಡಿ ನಗುತ್ತಾನೆ, ಒಳ್ಳೆಯ ಹುಡುಗ. ಎಣ್ಣೆಯದು ಪರೀಕ್ಷೆ, ಊದುಬತ್ತಿ ಯಾಕೆ ಮೇಡಂ ಎಂದು ಮೊನ್ನೆ ಕೇಳಿಯೇಬಿಟ್ಟ. ಒಮ್ಮೆ ಎರಡನ್ನೂ ಬಿಟ್ಟಿದ್ದೆ ಕಣಪ್ಪಾ, ಆ ದಿನ ನಮ್ಮನ್ನು ಉಳಿಸಿದ್ದು ಏನೆಂದು ಇನ್ನೂ ಗೊತ್ತಾಗಿಲ್ಲ, ಗೊತ್ತಾಗುವವರೆಗೆ ಎರಡೂ ಇರಲಿ ಎಂದೆ.