ಪಣಕಹಳ್ಳಿ ಸ್ಟೇಷನ್ನಿನಲ್ಲಿ ಇಪ್ಪತ್ತು ನಿಮಿಷ

ರೈಲಿನ ಹುಚ್ಚು ಹಿಡಿದವರ ಜೊತೆ ಊಟಿಗೆ ಹೋದರೆ ಊಟಿ ಕಾಣುವುದಿಲ್ಲ. ಎರಡು ಸಲ ಹೋಗಿ ಬಂದವನು ನಾನು, ಅನುಭವದಿಂದ ಹೇಳುತ್ತಿದ್ದೇನೆ. ನಾನು ಅಲ್ಲಿ ಕಂಡದ್ದು ಎರಡು ಕಂಬಿಗಳ ನಡುವೆ ಹಲ್ಲು ಕಿರಿದುಕೊಂಡು ಮಲಗಿರುವ ಮೂರನೆಯ ಕಂಬಿ, ಇಂಜಿನ್ನಿನ ಹೊಟ್ಟೆಯಿಂದ ತೊಟ್ಟಿಕ್ಕುವ ಎಣ್ಣೆ, ಮತ್ತು ಅದನ್ನು ಬಗ್ಗಿ ನೋಡುತ್ತಿದ್ದ ಇಪ್ಪತ್ತೆರಡು ಮಂದಿಯ ಬೆನ್ನು. ಬೆಟ್ಟ, ಮಂಜು, ಚಹಾ ತೋಟ ಎಲ್ಲ ಆ ಬೆನ್ನುಗಳ ಆಚೆ ಎಲ್ಲೋ ಇದ್ದವಂತೆ.

ಇವರು ಮೈಸೂರಿನ ಪುಟಾಣಿ ರೈಲಿನ ಬಳಗದವರು. ಮನೆಯ ಮೇಜಿನ ಮೇಲೆ ಅಂಗೈಯಗಲದ ರೈಲು ಓಡಿಸುವವರು. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಪ್ರವಾಸ ಹೊರಡುತ್ತಾರೆ. ನಮ್ಮ ಹಿರಿಯರು ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದರಲ್ಲ, ಇದೂ ಹೆಚ್ಚುಕಡಿಮೆ ಹಾಗೆಯೇ. ನಿಂತ ಇಂಜಿನ್ನಿಗೆ ಒಂದು ಸುತ್ತು ಪ್ರದಕ್ಷಿಣೆ ಬರುತ್ತಾರೆ, ಚಕ್ರ ಮುಟ್ಟುತ್ತಾರೆ, ಕೈಗಂಟಿದ ಮಸಿಯನ್ನು ಬೇಗ ಒರೆಸಿಕೊಳ್ಳುವುದಿಲ್ಲ. ಒಂದೇ ವ್ಯತ್ಯಾಸವೆಂದರೆ ಭಕ್ತರು ದೇವರ ಮುಂದೆ ತಪ್ಪು ಒಪ್ಪಿಕೊಳ್ಳುತ್ತಾರೆ, ಇವರು ದೇವರಲ್ಲೇ ತಪ್ಪು ಹುಡುಕುತ್ತಾರೆ. 'ಈ ಬಣ್ಣ ಮೊದಲು ಇರಲಿಲ್ಲ', 'ಈ ದೀಪ ಆಮೇಲೆ ಹಾಕಿದ್ದು' ಎಂದು.

ಮೂವತ್ತೊಂದು ವರ್ಷ ಮೈಸೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದು, ನಿವೃತ್ತಿಯ ಹೊತ್ತಿಗೆ ನಾನೂ ಈ ಬಳಗ ಸೇರಿದೆ. ಆಮೇಲೆ ಹುಟ್ಟೂರಾದ ತಾಳವಾಡಿಗೆ ಬಂದು ನೆಲೆಸಿದೆ. ರೈಲಿನ ಹುಚ್ಚಿರುವವನು ಬಂದು ಕೂರಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನಮ್ಮ ಬೆಟ್ಟದ ಮೇಲೆ ರೈಲಿಲ್ಲ. ಜಿಲ್ಲೆಯ ಊರಾದ ಈರೋಡಿಗೆ ಹೋಗಬೇಕಾದರೆ ದಿಂಬದ ಘಾಟಿಯ ಇಪ್ಪತ್ತೇಳು ತಿರುವು ಇಳಿಯಬೇಕು. ರೈಲಿನ ಮುಖ ನೋಡಬೇಕಾದರೆ ಗಡಿ ದಾಟಿ ಕರ್ನಾಟಕದ ಚಾಮರಾಜನಗರಕ್ಕೆ ಹೋಗಬೇಕು. ಆದರೂ ನಮ್ಮಲ್ಲಿ ಒಂದು ರೈಲು ಇತ್ತು. ಅದು ಪಣಕಹಳ್ಳಿಯಲ್ಲಿ, ನನ್ನ ಅಕ್ಕನ ಗಂಡನ ಜೋಳದ ಕೊಟ್ಟಿಗೆಯಲ್ಲಿತ್ತು.

ಭಾವ ಗುರುಮಲ್ಲಪ್ಪನವರು ಮೋಟಾರ್ ಕಟ್ಟುವವರು. ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ಅದರ ಹೊಟ್ಟೆ ಬಿಚ್ಚಿ, ಹಳೆಯ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನಲವತ್ತು ವರ್ಷದ ಅವರ ಕಸುಬು. ಐದು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ್ದು ಬಂದರು. ಬಂದವರು ಎಡಗೈಯಲ್ಲಿ ರೈಲು ಮಾಡಲು ಕೂತರು. ಕಬ್ಬಿಣದ ಪಟ್ಟಿ ಕತ್ತರಿಸಿ ಕಂಬಿ, ಎಣ್ಣೆ ಡಬ್ಬದ ತಗಡಿನಲ್ಲಿ ಬೋಗಿಗಳು, ಯಾವುದೋ ಲಾರಿಯ ಗಾಜು ಒರೆಸುವ ಮೋಟಾರಿನಲ್ಲಿ ಇಂಜಿನ್. ಕೊಟ್ಟಿಗೆಯ ಸುತ್ತ ಅದು ಓಡುತ್ತಿತ್ತು. ನಡುನಡುವೆ ಸ್ಟೇಷನ್ನುಗಳು: ತಾಳವಾಡಿ, ದೊಡ್ಡಗಾಜನೂರು, ಪಣಕಹಳ್ಳಿ, ಗುಮಟಾಪುರ. ಕನ್ನಡ, ತಮಿಳು ಎರಡರಲ್ಲೂ ಹಳದಿ ಬೋರ್ಡು.

ಇಷ್ಟನ್ನು ನಾನು ಬಳಗದವರಿಗೆ ಹೇಳಿದೆ. ಹೇಳಿದ್ದರಲ್ಲಿ ಪ್ರೀತಿಗಿಂತ ಜಂಬವೇ ಜಾಸ್ತಿ ಇತ್ತು. ಅವರೆಲ್ಲ ತಮ್ಮ ತಮ್ಮ ಮನೆಯ ರೈಲಿನ ಫೋಟೋ ತೋರಿಸಿಕೊಳ್ಳುತ್ತಿದ್ದಾಗ ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. 'ನಮ್ಮ ಕಡೆ ಒಬ್ಬರು ಇದ್ದಾರೆ, ನೀವು ನೋಡಲೇಬೇಕು' ಅಂದೆ. ಈ 'ಒಬ್ಬರು' ಎಂಬ ಮಾತನ್ನು ಸ್ವಲ್ಪ ಗಮನಿಸಿ. ಭಾವ ಎಂದು ನಾನು ಹೇಳಲಿಲ್ಲ. ನೋಡಿ ಮೆಚ್ಚಿಕೊಂಡರೆ ಆಗ 'ನಮ್ಮ ಭಾವ' ಎನ್ನೋಣ ಎಂದು ಇಟ್ಟುಕೊಂಡಿದ್ದೆ. ಗುಮಾಸ್ತನ ಬುದ್ಧಿ. ಸಹಿ ಹಾಕುವ ಮುಂಚೆ ಮೇಲಿನವರ ಮುಖ ನೋಡುತ್ತದೆ.

ಊಟಿ ರೈಲು ಹತ್ತಿ ಮೇಟುಪಾಳ್ಯಕ್ಕೆ ಇಳಿದು, ರಾತ್ರಿ ಅಲ್ಲೇ ತಂಗಿ, ಮರುದಿನ ಬಸ್ಸಿನಲ್ಲಿ ಸತ್ಯಮಂಗಲ, ದಿಂಬದ ಮೇಲೆ ಮೈಸೂರಿಗೆ ಮರಳುವ ದಾರಿಯಲ್ಲಿ ಪಣಕಹಳ್ಳಿಗೆ ಬರುವುದೆಂದು ನಿಗದಿಯಾಯಿತು. ನಾನು ಅವರ ಜೊತೆಯಲ್ಲೇ ಇದ್ದೆ. ಅಕ್ಕ ಶಿವಮ್ಮಣ್ಣಿ ಮಧ್ಯಾಹ್ನದ ಊಟಕ್ಕೆಂದು ಬೆಳಗಿನಿಂದ ಒಲೆ ಮುಂದೆ ಇದ್ದಳಂತೆ. ಅವರೆಕಾಳು ಸಾರು, ಮುದ್ದೆ, ಅನ್ನ, ಕಜ್ಜಾಯ. ನಾನು ಫೋನಿನಲ್ಲಿ ಊಟಕ್ಕೆ ಬರುತ್ತೇವೆ ಅಂದಿದ್ದು ನಿಜ. ಆದರೆ ಬಳಗದ ಮುಖ್ಯಸ್ಥರು, ಪ್ರಭಾಕರ್ ಎಂಬ ನಿವೃತ್ತ ಇಂಜಿನಿಯರ್, ಸತ್ಯಮಂಗಲದಲ್ಲೇ ಬಸ್ಸು ನಿಲ್ಲಿಸಿ ಎಲ್ಲರಿಗೂ ಊಟ ಹಾಕಿಸಿದರು. ನಾನು ಬೇಡ ಅನ್ನಲಿಲ್ಲ, ಎರಡು ಸಲ ಸಾಂಬಾರ್ ಹಾಕಿಸಿಕೊಂಡೆ. ನಾವು ಪಣಕಹಳ್ಳಿ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಕತ್ತಲಾಗುವ ಮುಂಚೆ ಕಾಡಿನ ದಾರಿ ಕಳೆಯಬೇಕು ಎಂದು ಡ್ರೈವರ್ ಇಪ್ಪತ್ತು ನಿಮಿಷ ಕೊಟ್ಟ.

ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಹಣೆಯ ತುಂಬ ವಿಭೂತಿ. ನಾನು 'ಇವರೇ ಗುರುಮಲ್ಲಪ್ಪನವರು' ಎಂದು ಪರಿಚಯಿಸಿದೆ. ಅಷ್ಟೇ ಹೇಳಿದೆ.

ಪ್ರಭಾಕರ್ ಒಳಗೆ ಬಂದು ಕಂಬಿಯ ಮೇಲೆ ಬಗ್ಗಿ, "ಸ್ಕೇಲ್ ಏನು ಸರ್ ಇದು?" ಎಂದು ಕೇಳಿದರು. ನಿಜವಾದ ರೈಲಿನ ಎಷ್ಟನೆಯ ಒಂದು ಪಾಲು ಎಂದು ಅವರ ಪ್ರಶ್ನೆ.

"ಸ್ಕೇಲಲ್ಲೇ ಅಳ್ದಿವ್ನಿ ಸಾ," ಅಂದರು ಭಾವ ನಿಧಾನವಾಗಿ. "ಕೆಲವು ಕಡ ಗೇಣಲ್ಲಿ."

ಯಾರೋ ನಕ್ಕರು. ಕೆಟ್ಟ ನಗುವಲ್ಲ, ಆದರೆ ನಗು. ಈಗ ಯೋಚಿಸಿದರೆ ಭಾವ ಹೇಳಿದ್ದರಲ್ಲಿ ತಪ್ಪೇನಿತ್ತು? ಗೇಣು, ಮೊಳ, ಮಾರು ಎಲ್ಲ ಮನುಷ್ಯನ ಮೈಯಿಂದಲೇ ಹುಟ್ಟಿದ ಅಳತೆಗಳು. ಒಬ್ಬನ ಗೇಣು ಇನ್ನೊಬ್ಬನದಲ್ಲ, ಆದರೂ ಆ ಅಳತೆಯಲ್ಲೇ ಮನೆ ಕಟ್ಟಿ, ಬಾವಿ ತೋಡಿ ಬದುಕಿದ ಜನ ನಾವು. ಇದೆಲ್ಲ ಈಗ ಹೊಳೆಯುವ ಮಾತು. ಆಗ ನನ್ನ ಕಿವಿ ಬಿಸಿಯಾಗಿತ್ತು.

ಇನ್ನೊಬ್ಬರು ಇಂಜಿನ್ನಿನ ಚಕ್ರ ಎಣಿಸಿದರು. ಒಂದು ಪಕ್ಕ ಐದು, ಇನ್ನೊಂದು ಪಕ್ಕ ನಾಲ್ಕು. "ಈ ಥರದ್ದು ಎಲ್ಲೂ ಇಲ್ಲವಲ್ಲ," ಅಂದರು. ಮತ್ತೊಬ್ಬರು ಬೋರ್ಡು ಓದಿ, "ಇಂಥ ಲೈನೇ ಇಲ್ಲವಲ್ಲ ಸರ್," ಅಂದರು.

"ಇಲ್ಲ ಸಾ. ಇದ್ದಿದ್ರ ನಾನ್ಯಾಕ ಮಾಡ್ತಿದ್ದಿ?" ಅಂದರು ಭಾವ, ಮತ್ತು ಎಡಗೈಯಲ್ಲಿ ಸ್ವಿಚ್ ಹಾಕಿದರು.

ರೈಲು ಹೊರಟಿತು. ಇಪ್ಪತ್ತೆರಡು ಜನರೂ ಮಾತಾಡುತ್ತಲೇ ಇದ್ದರು. ಊಟಿಯ ಇಂಜಿನ್ನಿನ ವಿಷಯ, ಮುಂದಿನ ವರ್ಷದ ಪ್ರವಾಸದ ವಿಷಯ. ಎರಡನೇ ಸುತ್ತಿನಲ್ಲಿ ಗುಮಟಾಪುರದ ತಿರುವಿನಲ್ಲಿ ಇಂಜಿನ್ ಕಂಬಿ ತಪ್ಪಿ ಪಕ್ಕಕ್ಕೆ ಬಿತ್ತು. ಭಾವ ಬಗ್ಗಿದರು. ಒಂದು ಕೈಯಲ್ಲಿ ಇಂಜಿನ್ ಎತ್ತಿ ಚಕ್ರ ಕೂರಿಸಲು ಆಗುತ್ತಿರಲಿಲ್ಲ. ಬಲಗೈ ಪಕ್ಕದಲ್ಲಿ ಸುಮ್ಮನೆ ತೂಗುತ್ತಿತ್ತು. ಮೂವರು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ನಾನು ಎರಡು ಮಾರು ದೂರದಲ್ಲಿದ್ದೆ. ಹೋಗಿ ಹಿಡಿದುಕೊಳ್ಳಬಹುದಿತ್ತು. ಹೋಗಲಿಲ್ಲ.

ಆಗ ಪ್ರಭಾಕರ್ ನನ್ನನ್ನು ಪಕ್ಕಕ್ಕೆ ಕರೆದು, "ಏನ್ರೀ, ಇದನ್ನು ನೋಡೋಕಾ ಇಷ್ಟು ದೂರ ಬಂದದ್ದು?" ಎಂದರು.

ನಾನು, "ಹಳ್ಳಿಯವರು ಸರ್, ಪಾಪ. ಹೊತ್ತು ಹೋಗಬೇಕಲ್ಲ, ಏನೋ ಮಾಡಿಕೊಂಡಿದ್ದಾರೆ," ಅಂದೆ.

ಹೇಳಿ ತಿರುಗಿದರೆ ಅಕ್ಕ ಚಹಾದ ತಟ್ಟೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಅವಳ ಆಚೆ, ಬಗ್ಗಿದ್ದ ಭಾವ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ಅಕ್ಕ ತಟ್ಟೆಯನ್ನು ಜೋಳದ ಮೂಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಗಂಡನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಇಂಜಿನ್ನನ್ನು ಎತ್ತಿ ಕಂಬಿಗೆ ಕೂರಿಸಿದಳು. ಎಷ್ಟೋ ಸಲ ಮಾಡಿದ ಕೆಲಸದಂತೆ. ರೈಲು ಮತ್ತೆ ಹೊರಟಿತು, ಆದರೆ ಅಷ್ಟರಲ್ಲಿ ಡ್ರೈವರ್ ಹಾರನ್ ಒತ್ತಿದ. ಎಲ್ಲರೂ 'ತುಂಬಾ ಸಂತೋಷ' ಎಂದು ಹೇಳಿ ಹೊರಟರು. ಚಹಾ ಅರ್ಧ ಜನ ಕುಡಿದರು. ಊಟದ ಮಾತು ಯಾರೂ ಎತ್ತಲಿಲ್ಲ. ನಾನು ತಾಳವಾಡಿಯಲ್ಲಿ ಇಳಿಯುವವನು. ಅಕ್ಕನ ಮನೆಯಲ್ಲೇ ಉಳಿಯಬಹುದಿತ್ತು, ಆದರೂ ಬಸ್ಸು ಹತ್ತಿದೆ.

ಒಂದು ತಿಂಗಳು ನಾನು ಪಣಕಹಳ್ಳಿಯ ಕಡೆ ಹೋಗಲಿಲ್ಲ. ದೂರ ಬಹಳವೇನಿಲ್ಲ. ಕಾಲು ಏಳಲಿಲ್ಲ. ಅಪರಾಧಿಗಳು ಓಡಿಹೋಗುತ್ತಾರೆ ಎಂದು ಕೇಳಿದ್ದೆ. ನನ್ನಂಥ ಅರವತ್ತು ದಾಟಿದ ಅಪರಾಧಿಗಳು ಮಂಡಿನೋವು ಎಂದು ಮನೆಯಲ್ಲೇ ಕೂರುತ್ತಾರೆ. ಕೊನೆಗೆ ಅಕ್ಕನೇ ಫೋನ್ ಮಾಡಿದಳು.

"ಯಾಕ್ಲಾ ನಂಜುಂಡ, ಅಕ್ಕ ಸತ್ತೋದ್ಳಾ ಬದುಕಿವ್ಳಾ ಅಂತ ನೋಡಕೂ ಬರ್ನಿಲ್ಲ?"

ಹೋದೆ. ಭಾವ ತೋಟದ ಕಡೆ ಹೋಗಿದ್ದರು. ಅಕ್ಕ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ನಾನು ಪ್ರವಾಸದ ದಿನದ ಮಾತು ತೆಗೆಯಲು ಎರಡು ಸಲ ಬಾಯಿ ತೆರೆದೆ. ಅವಳೇ ತೆಗೆದಳು.

"ಅವ್ರು ನಕ್ಕುದ್ದು ಓಗ್ಲಿ ಬುಡು, ಗುರ್ತಿಲ್ದ ಜನ. ನೀ ಬಾವ ಅಂತ ಏಳ್ನಿಲ್ಲ ಕಣ್ಲಾ. ಅದ್ನೇ ಒಂದು ವಾರ ನೆನ್ಕೊಂಡು ಕೂತಿದ್ರು."

ನಾನು ಜಗಲಿಯ ಮೇಲೆ ಚೆಲ್ಲಿದ್ದ ರಾಗಿಯನ್ನು ಬೆರಳಿನಿಂದ ಒಟ್ಟುಮಾಡತೊಡಗಿದೆ.

"ಚಕ್ರ ತಪ್ಪು ಅಂದ್ರಲ್ಲ," ಎಂದು ಅವಳು ಮುಂದುವರಿಸಿದಳು, "ನಿಮ್ಮ ಬಾವ ರೈಲ ಎಲ್ಲಿ ನೋಡಿದ್ರು ಏಳು? ಆಸ್ಪತ್ರೇಲಿ ಇಪ್ಪತ್ತು ದಿನ ಮಲಗಿದ್ರಲ್ಲ, ಗೋಡೆ ಹಿಂದ್ಗಡೇಲೇ ರೈಲು ಓಗದು. ಕಿಟಕಿ ಎತ್ರ, ಏನೂ ಕಾಣದು. ಮಾತಿಲ್ಲ, ಕೈಯಿಲ್ಲ, ಸದ್ದ ಕೇಳ್ಕೊಂಡು ಮಲ್ಗಿರರು. ಬಂದಾಗ ಕಣ್ಣ ಬುಡರು, ಓದ್ಮೇಲ ಮುಚ್ಕಳರು. ಮನಗ ಬಂದ್ಮೇಲ ಆ ಸದ್ದು ಬರಗಂಟ ಕಂಬಿ ಕತ್ತರ್ಸಿ ಕತ್ತರ್ಸಿ ಜೋಡ್ಸುದ್ರು. ಅದ್ಕೇ ಎರಡು ವರ್ಷ ಇಡೀತು. ಅವತ್ತು ಒಬ್ರಾದ್ರೂ ಬಾಯಿ ಮುಚ್ಕೊಂಡು ಕೇಳುದ್ರಾ?"

ಬಳಗದಲ್ಲಿ ಇಷ್ಟು ವರ್ಷ ಇದ್ದು ನಾನು ಕಂಬಿಯ ಅಗಲ ಕಲಿತಿದ್ದೆ, ಚಕ್ರದ ಲೆಕ್ಕ ಕಲಿತಿದ್ದೆ, ಯಾವ ಇಂಜಿನ್ನಿಗೆ ಯಾವ ಬಣ್ಣ ಎಂದು ಬಾಯಿಪಾಠ ಮಾಡಿದ್ದೆ. ಕಂಬಿಯ ಸಂದುಗಳನ್ನು ಒಬ್ಬ ಮನುಷ್ಯ ಕಿವಿಯಿಂದ ಅಳೆದು ಕತ್ತರಿಸಿರಬಹುದು ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನೋಡಲು ಹೋಗುವ ಪ್ರವಾಸದ ಕಷ್ಟವೇ ಇದು. ಹೆಸರಿನಲ್ಲೇ ನೋಡುವುದಿದೆ, ಹಾಗಾಗಿ ಉಳಿದದ್ದನ್ನೆಲ್ಲ ಬಸ್ಸಿನಲ್ಲೇ ಬಿಟ್ಟು ಇಳಿಯುತ್ತೇವೆ.

ಭಾವ ಬಂದರು. ನನ್ನನ್ನು ನೋಡಿ, "ಊಟ ಆಯ್ತಾ?" ಎಂದರು. ಕ್ಷಮೆ ಕೇಳುವವನಿಗೆ ಇದಕ್ಕಿಂತ ತೊಂದರೆಯ ಪ್ರಶ್ನೆ ಇಲ್ಲ. ಇಲ್ಲ ಎಂದೆ. ಮುದ್ದೆ ಉಂಡೆವು. ಉಂಡ ಮೇಲೆ, "ಬಾವ, ರೈಲ ಓಡ್ಸಿ, ಸದ್ದ ಕೇಳ್ತೀನಿ," ಅಂದೆ. ಮೈಸೂರಿನಲ್ಲಿ ಕಳೆದುಕೊಂಡಿದ್ದ ನಮ್ಮ ಮಾತು ಆಗ ತಾನಾಗಿ ಬಾಯಿಗೆ ಬಂತು.

ಅವರು ಎಡಗೈಯಿಂದ ತಟ್ಟೆ ಪಕ್ಕಕ್ಕೆ ಸರಿಸಿದರು. "ಬಿಚ್ಬುಟ್ಟಿ ಕಣ," ಅಂದರು. "ಜೋಳ ತುಂಬಕ್ಕ ಜಾಗ ಬೇಕಿತ್ತು."

ಕೊಟ್ಟಿಗೆಗೆ ಹೋಗಿ ನೋಡಿದೆ. ಗೋಡೆಯವರೆಗೂ ಜೋಳದ ಮೂಟೆಗಳು. ಮೂಲೆಯಲ್ಲಿ ಕಂಬಿಗಳನ್ನು ಒಟ್ಟಿ ತಾಮ್ರದ ತಂತಿಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಜಾಗ ನಿಜಕ್ಕೂ ಬೇಕಿತ್ತೋ ಏನೋ, ಆ ವರ್ಷ ಜೋಳ ಚೆನ್ನಾಗಿಯೇ ಬಂದಿತ್ತು. ನಾನು ಹಾಗೆಂದೇ ನಂಬಿಕೊಳ್ಳಲು ಪ್ರಯತ್ನಿಸಿದೆ. 'ಮತ್ತೆ ಜೋಡಿಸೋಣ, ನಾನು ಹಿಡಿದುಕೊಳ್ಳುತ್ತೇನೆ' ಎಂದೆ. 'ನೋಡವ' ಎಂದರು. ನಮ್ಮ ಕಡೆ 'ನೋಡವ' ಅಂದರೆ ಹೂಂ ಅಲ್ಲ, ಊಹೂಂ ಅಲ್ಲ. ಅದಾಗಿ ಒಂದೂವರೆ ವರ್ಷವಾಯಿತು, ಇನ್ನೂ ನೋಡುತ್ತಿದ್ದೇವೆ.

ಈಗ ತಿಂಗಳಿಗೊಮ್ಮೆ ಭಾವನನ್ನು ಚಾಮರಾಜನಗರದ ಡಾಕ್ಟರ ಬಳಿ ಕರೆದುಕೊಂಡು ಹೋಗುವುದು ನನ್ನ ಕೆಲಸ. ಯಾರೂ ವಹಿಸಿದ್ದಲ್ಲ, ನಾನೇ ಹಾಕಿಕೊಂಡದ್ದು. ದಾರಿಯಲ್ಲಿ ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಹೋದ ತಿಂಗಳು ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ, ಅವನು ಕೇಳದಿದ್ದರೂ, ಬಸ್ಸಿನ ಅರ್ಧ ಜನಕ್ಕೆ ಕೇಳುವಂತೆ, "ಇವರು ನಮ್ಮ ಬಾವ," ಎಂದೆ.

ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. "ಮೋಟ್ರು ಗುರುಮಲ್ಲಪ್ಪೋರಲ್ವಾ, ಯಾರ್ಗ ಗೊತ್ತಿಲ್ಲ? ನಮ್ಮೊಲದ ಮೋಟ್ರ ಮೂರು ಸಲ ಕಟ್ಕೊಟ್ಟವ್ರ. ನೀವ್ಯಾರು?"

"ಅವರ ಹೆಂಡತಿ ತಮ್ಮ," ಎಂದೆ.

"ಸರಿ," ಎಂದು ಎರಡು ಟಿಕೆಟ್ ಹರಿದು ಭಾವನ ಕೈಗೇ ಕೊಟ್ಟು ಮುಂದೆ ಹೋದ.

ಲಕ್ವದ ಮೇಲೆ ಭಾವನ ನಗು ಎಡಗೆನ್ನೆಗೆ ಮಾತ್ರ ಬರುತ್ತದೆ. ಆ ಕೆನ್ನೆ ಕಿಟಕಿಯ ಕಡೆಗಿತ್ತು. ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ, ಬಗ್ಗಿ ನೋಡಲೂ ಹೋಗಲಿಲ್ಲ.