ಒಂದು ಮೊರ ತೌಡಿಗೆ ಮಾರಿದ ಮಗು

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗ ಹೊಸಿಲು ದಾಟಿದ! ಅಂಬೆಗಾಲಿಟ್ಟುಕೊಂಡು ಬಂದವನು ಹೊಸಿಲ ಮೇಲೆ ಹೊಟ್ಟೆಯೂರಿ, ಕಾಲು ಒದ್ದು, ಆಚೆ ಜಗಲಿಗೆ ದೊಪ್ಪನೆ ಬಿದ್ದು ನಕ್ಕುಬಿಟ್ಟ. ಕೈಯಲ್ಲಿದ್ದ ಸೊಪ್ಪಿನ ಕಟ್ಟು ಬಿಸಾಡಿ, ಇಡೀ ಹಲಸೂರಿಗೆ ಕೇಳುವ ಹಾಗೆ ಕೂಗಿಕೊಂಡೆ. ಇವನ ಅಕ್ಕ, ಅಣ್ಣ ಇಬ್ಬರೂ ಈ ಹೊಸಿಲು ದಾಟುವಷ್ಟು ದಿನ ಉಳಿಯಲಿಲ್ಲ.

ಇವನೂ ಹುಟ್ಟಿದಾಗ ಸರಿಯಾಗಿ ಅಳಲಿಲ್ಲ, ಮೊಲೆ ಹಿಡಿಯಲಿಲ್ಲ. ಸೊಸೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

"ಅತ್ತೆ, ಇದರ ಮುಖ ನಂಗೆ ತೋರಿಸ್ಬೇಡಿ. ಆಮೇಲೆ ಮರೆಯೋಕಾಗಲ್ಲ."

ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಮಗುವನ್ನು ಒಂದು ಮೊರ ತೌಡಿಗೆ ಮಾರಿಬಿಡುವುದು ನಮ್ಮಲ್ಲಿ ಪದ್ಧತಿ. ಮಾರಿದ ಮೇಲೆ ಅದು ಕೊಂಡವರ ಮಗು. ನಮ್ಮ ಮಗುವನ್ನು ಹುಡುಕಿಕೊಂಡು ಬಂದ ಯಮ ಬರಿಗೈಲಿ ಹೋಗಬೇಕು. ಮೊರ ಕೊಟ್ಟವರು ಮಗುವನ್ನು ಆಗಲೇ ನಮಗೇ ಸಾಕಲು ಕೊಟ್ಟು ಹೋಗುತ್ತಾರೆ. ಹೊಸಿಲು ದಾಟಿದ ದಿನ ತೌಡು ವಾಪಸು ಕೊಟ್ಟು ಬಿಡಿಸಿಕೊಳ್ಳುತ್ತೇವೆ. ಎರಡನೆಯ ಮಗುವನ್ನು ನೆಂಟರಿಗೆ ಮಾರಿದ್ದೆವು. ಅವರು ನಗುತ್ತಾ ಕೊಂಡರು, ನಗುತ್ತಾ ಕೊಟ್ಟರು. ಯಮ ನಂಬಲಿಲ್ಲ.

ಪಕ್ಕದ ಬಂಗಲೆಯ ಔಟ್‌ಹೌಸಿನಲ್ಲಿ ಜರ್ಮನಿಯವರೊಬ್ಬರಿದ್ದಾರೆ. ನಾನು ದಿನಾ ಸೊಪ್ಪು ಕೊಡುವ ಮನೆ. ತಮ್ಮೂರಿನಲ್ಲಿ ದೊಡ್ಡ ನಟರಂತೆ. ಹುಡುಗನಾಗಿದ್ದಾಗ ರಂಗದ ಮೇಲೆ ಸುಮ್ಮನೆ ದೀಪ ಹಿಡಿದು ನಿಂತವರು, ಬರಬರುತ್ತಾ ರಾಜಪಾರ್ಟು ಮಾಡಿದರು. ಮೂಕಿ ಸಿನಿಮಾದಲ್ಲಿದ್ದರು, ಟಾಕಿ ಬಂದ ಮೇಲೂ ಇದ್ದರು. ಯಹೂದಿಯೆಂದು ಒಂದು ದಿನ ನಾಟಕದ ಮನೆಯವರೇ ಬಾಗಿಲು ಹಾಕಿದರಂತೆ. ಹೆಂಡತಿ, ಮಗಳನ್ನು ಆಮೇಲೆ ಕರೆಸಿಕೊಳ್ಳುತ್ತೇನೆಂದು ಹಡಗು ಹತ್ತಿದರು. ಅಷ್ಟರಲ್ಲಿ ಯುದ್ಧ. ಅಲ್ಲಿಂದ ಸುದ್ದಿಯೇ ಇಲ್ಲ. ಇಲ್ಲಿನ ಪೊಲೀಸರಿಗೆ ಅವರೂ ಶತ್ರು ದೇಶದವರೇ. ಸ್ಟೇಷನ್ನಿಗೆ ಹೋಗಿ ಮುಖ ತೋರಿಸಿ ಬರಬೇಕು. ದಂಡಿನ ಆಫೀಸರುಗಳು ನಾಟಕಕ್ಕೆ ಕರೆದರೆಂದು ಒಮ್ಮೆ ಆಸೆಯಿಂದ ಹೋದರು. ನೋಡಿದರೆ, ತಮ್ಮನ್ನು ಓಡಿಸಿದ ಜರ್ಮನ್ ಸಿಪಾಯಿಗಳ ಡ್ರೆಸ್ಸನ್ನೇ ಹಾಕಿಕೊಳ್ಳಬೇಕು! ಹಾಗೇ ಎದ್ದು ಬಂದರು.

ಅವರ ಮುಂದೆ ಹೋಗಿ, ಮೊಮ್ಮಗನನ್ನು ಕೊಂಡುಕೊಳ್ಳಿ ಎಂದು ಸೆರಗೊಡ್ಡಿದೆ.

"ನಾಟಕ ಖತಂ, ಅಮ್ಮಾ," ಅಂದರು. ಮಾರ್ಕೆಟ್ಟಿನಲ್ಲಿ ಕಲಿತ ಮಾತು.

"ನಾಟಕ ಅಲ್ಲ ದೊರೆ. ಆದ್ರೆ ಯಮ ನಂಬೋ ಹಂಗೆ ಮಾಡ್ಬೇಕು. ಅದು ನಮ್ಮೋರಿಗೆ ಯಾರಿಗೂ ಬರಲ್ಲ."

ಅವರು ಕೇಳಿದರು: "ತಗೊಳ್ಳೋನಿಗೆ ಮಗು ಯಾಕೆ ಬೇಕು?"

"ಅವನ ಮನೇಲಿ ಮಗು ಇಲ್ಲ, ಅದಕ್ಕೆ."

ಗೂಟದಲ್ಲಿದ್ದ ಕೋಟು ತೆಗೆದು ಧೂಳು ಕೊಡವಿದರು.

ಗಡ್ಡ ಹೆರೆದುಕೊಂಡು, ಕರಿ ಕೋಟು ತೊಟ್ಟು, ತೌಡಿನ ಮೊರ ಹಿಡಿದು ಬಂದರು. ಯಾರನ್ನು ನೋಡಿಯೂ ನಗಲಿಲ್ಲ. ಬಟ್ಟೆ ಸರಿಸಿ ಮಗುವನ್ನು ನೋಡಿದರು.

"ಸಣ್ಣ. ಅಳೋದೂ ಇಲ್ಲ. ಬೇಡ."

ತಿರುಗಿ ನಡೆದೇಬಿಟ್ಟರು. ಬೀದಿಯ ನಲ್ಲಿ ದಾಟಿದರೂ ಹಿಂದೆ ನೋಡಲಿಲ್ಲ. ನನ್ನ ಮಗ, "ಏನಮ್ಮಾ, ನಿನ್ನ ದೊರೆ ನಿಜವಾಗ್ಲೂ ಹೊಂಟೋದ್ನಲ್ಲ!" ಅಂದ. ಆಗ ಗೋಡೆಗೆ ಮುಖ ಮಾಡಿ ಮಲಗಿದ್ದ ಸೊಸೆ ಎದ್ದು, ಬಾಗಿಲಿಗೆ ಓಡಿ ಬಂದು ಕೂಗಿದಳು:

"ತಗೊಳ್ಳಿ ದೊರೆ! ಒಳ್ಳೇ ಮಗು! ನನ್ನ ಮಗು ಒಳ್ಳೇದು!"

ಅವರು ಹಿಂದಿರುಗಿ, ಮೊರ ನನಗೆ ಕೊಟ್ಟು, ಮಗುವನ್ನು ಎತ್ತಿಕೊಂಡರು. ಆಗಲೇ ವಾಪಸು ಕೊಡಬೇಕಿತ್ತು, ಕೊಡಲಿಲ್ಲ. ಎದೆಗೆ ಒತ್ತಿಕೊಂಡು ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ಅದೆಂಥ ಗಂಟಲು! ಹೆಂಚಿನ ಮೇಲಿನ ಕಾಗೆಗಳೆಲ್ಲ ಎದ್ದವು. ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ನನ್ನ ಮಗನೇ ಹೋಗಿ ಅವರ ಕೈ ಬಿಡಿಸಬೇಕಾಯಿತು.

"ನನ್ನದು ಇದು. ಹಾಲು ಕೊಡಿ," ಅಂದರು.

ಅವತ್ತು ಮೊಲೆ ಹಿಡಿದವನು ಇವತ್ತಿನವರೆಗೂ ಬಿಟ್ಟಿಲ್ಲ. ದೊರೆ ದಿನಾ ಜಗಲಿಗೆ ಬಂದು, ಮುಖ ಗಂಟಿಕ್ಕಿಕೊಂಡೇ ತಮ್ಮ ಮಗುವನ್ನು ನೋಡಿ ಹೋಗುತ್ತಿದ್ದರು.

ಇವತ್ತು ಓಡಿ ಹೋಗಿ ಅವರನ್ನು ಕರೆತಂದೆ. ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ತೌಡಿನ ಮೊರ ಮುಂದೆ ಹಿಡಿದೆ.

"ದೊರೆ, ಇನ್ನು ನಮ್ಮ ಮಗು ನಮಗೆ ಕೊಡಿ."

"ಕೊಡಲ್ಲ."

ಸೊಸೆ ಮಗುವಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಮಗು ತೆವಳುತ್ತಾ ಹೋಗಿ ಅವರ ಷರಾಯಿ ಹಿಡಿದುಕೊಂಡಿತು. ಅವರು ಬಗ್ಗಿ ಎತ್ತಿಕೊಳ್ಳಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ.

"ಅಮ್ಮಾ, ನನ್ನ ಮನೇಲೂ ಮಗು ಇಲ್ಲ," ಅಂದರು. ಅದು ನಾಟಕವಲ್ಲ ಎಂದು ನಮಗೆಲ್ಲ ಗೊತ್ತಾಯಿತು.

ಕೊನೆಗೆ ಸೊಸೆಯೇ ನನ್ನ ಕೈಯಿಂದ ಮೊರ ತೆಗೆದು ಮೂಲೆಯಲ್ಲಿಟ್ಟಳು.

"ತೌಡು ಇಲ್ಲೇ ಇರ್ಲಿ. ನಿಮ್ಮ ಮಗಳ ಸುದ್ದಿ ಬರೋವರೆಗೂ ಇವನು ನಿಮ್ಮೋನೇ. ಹಾಲು ನಾನು ಕೊಡ್ತೀನಿ. ಸಾಯಂಕಾಲ ಊಟಕ್ಕೆ ಬನ್ನಿ ದೊರೆ."

ಬಂದರು. ರೇಷನ್ ಅಕ್ಕಿಯ ಅನ್ನ, ಸೊಪ್ಪಿನ ಹುಳಿ, ಬೆಲ್ಲದ ಪಾಯಸ. ಎಲ್ಲರೂ ಒಂದೇ ಸಾಲಿನಲ್ಲಿ ಎಲೆ ಹಾಕಿಕೊಂಡು ಕೂತೆವು. ಅವರಿಗೆ ಚಕ್ಕಳಮಕ್ಕಳ ಹಾಕಲು ಬರುವುದಿಲ್ಲ, ಕಾಲು ಚಾಚಿ ಕೂತರು. ನಾವು ಉಣ್ಣುತ್ತಿದ್ದಷ್ಟು ಹೊತ್ತೂ ಮಗು ಆ ಉದ್ದನೆಯ ಕಾಲುಗಳನ್ನೂ ಹೊಸಿಲೆಂದುಕೊಂಡು, ಈ ಕಡೆಯಿಂದ ಆ ಕಡೆಗೆ ದಾಟುತ್ತಲೇ ಇತ್ತು.